ಇಂಜೆಕ್ಷನ್ ಆಯ್ತು, ತೂಕ ಇಳಿಯಿತು. ಇಳಿಸಿದ್ದು ಯಾವುದು?

ಪ್ರಶ್ನೆ: ಕೊಬ್ಬು ಕರಗಿಸುವ ಇಂಜೆಕ್ಷನ್‌ನಿಂದ ನಿಜವಾಗಲೂ ತೂಕ ಇಳಿಯುತ್ತಾ? ನನ್ನ ಗೆಳತಿ ಮೂರು ತಿಂಗಳಲ್ಲಿ ಸಣ್ಣಗಾಗಿದ್ದಾಳೆ. ಇದಕ್ಕಿಂತ ಬೇರೆ ಸಾಕ್ಷಿ ಬೇಕಾ?

ಉತ್ತರ: ಬೇಕು. ಯಾಕೆ ಅಂತ ತಿಳಿಯಲು ಒಂದು ಹಳೇ ಕಥೆ ಕೇಳಿ.

1954ರಲ್ಲಿ ಸಿಮಿಯನ್ಸ್ ಎಂಬ ಬ್ರಿಟಿಷ್ ವೈದ್ಯರು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತೂಕ ಇಳಿಸುವ ಒಂದು ಉಪಾಯ ಬರೆದರು. ನಮ್ಮ ದೇಶದಲ್ಲೂ ಕೆಲಸ ಮಾಡಿದ್ದವರು ಅವರು. ಬಸುರಿಯರ ಮೂತ್ರದಿಂದ ತೆಗೆದ ಎಚ್‌ಸಿಜಿ ಎಂಬ ಹಾರ್ಮೋನಿನ ಇಂಜೆಕ್ಷನ್, ಜೊತೆಗೆ ದಿನಕ್ಕೆ 500 ಕ್ಯಾಲೊರಿ ಊಟ. ಜನ ಸಣ್ಣಗಾದರು. ಹೆಸರು ಬಂದದ್ದು ಇಂಜೆಕ್ಷನ್‌ಗೆ.

ಆದರೆ 500 ಕ್ಯಾಲೊರಿ ಅಂದರೆ ಎಷ್ಟು ಗೊತ್ತಾ? ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ ತಿಂದು ಕಾಫಿ ಕುಡಿದರೆ ಹೆಚ್ಚುಕಮ್ಮಿ ಮುಗಿದೇ ಹೋಯಿತು. ದಿನಪೂರ್ತಿ ಅಷ್ಟರಲ್ಲೇ ಇದ್ದರೆ ಯಾರು ತಾನೇ ಇಳಿಯುವುದಿಲ್ಲ?

ಅನುಮಾನ ಬಂದ ಸಂಶೋಧಕರು ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹಾರ್ಮೋನು, ಇನ್ನೊಂದಕ್ಕೆ ಬರೀ ಉಪ್ಪುನೀರಿನಂಥ ಇಂಜೆಕ್ಷನ್. ಊಟ ಮಾತ್ರ ಎರಡೂ ಗುಂಪಿಗೆ ಒಂದೇ. ತಮಗೆ ಸಿಗುತ್ತಿರುವುದು ಯಾವುದು ಅಂತ ಅವರಿಗೆ ಗೊತ್ತಿಲ್ಲ. ಒಂದೆರಡು ಪರೀಕ್ಷೆ ಹಾರ್ಮೋನಿನ ಪರವಾಗಿ ಬಂದವು, ಸುಳ್ಳು ಯಾಕೆ ಹೇಳಲಿ. ಆದರೆ 1995ರಲ್ಲಿ 24 ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದಾಗ ಹಾರ್ಮೋನಿನಿಂದ ತೂಕ ಇಳಿಯುತ್ತದೆ ಎನ್ನಲು ಆಧಾರ ಸಿಗಲಿಲ್ಲ. ಇಳಿಸಿದ್ದು ಉಪವಾಸ!

ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಎಂಬ ತೂಕ ಇಳಿಸುವ ಔಷಧಿಗೆ ಬರೋಣ. ಅದನ್ನೂ ಹೀಗೇ ಪರೀಕ್ಷಿಸಿದರು. ಫಲಿತಾಂಶ ಬಂದದ್ದು 2021ರಲ್ಲಿ. ಸಕ್ಕರೆ ಕಾಯಿಲೆ ಇಲ್ಲದ 1961 ಜನ, ವಾರಕ್ಕೊಂದು ಇಂಜೆಕ್ಷನ್, 68 ವಾರ. ಊಟ, ವ್ಯಾಯಾಮದ ಸಲಹೆ ಎಲ್ಲರಿಗೂ ಇತ್ತು. ಔಷಧಿ ಇಲ್ಲದ ಇಂಜೆಕ್ಷನ್ ಪಡೆದವರು ಸರಾಸರಿ ಶೇ. 2.4 ಇಳಿದರು. ಔಷಧಿ ಪಡೆದವರು ಶೇ. 14.9. ತೊಂಬತ್ತು ಕಿಲೋ ಇರುವವರ ಲೆಕ್ಕದಲ್ಲಿ ಒಂದು ಕಡೆ ಎರಡು ಕಿಲೋ, ಇನ್ನೊಂದು ಕಡೆ ಹದಿಮೂರು. ಈ ನಡುವಿನ ಅಂತರ ಇದೆಯಲ್ಲ, ಔಷಧಿಯ ಕೆಲಸ ಅಂದರೆ ಅಷ್ಟೇ. ಆದರೂ ಅದು ದೊಡ್ಡ ಅಂತರವೇ.

ಒಂದು ತಮಾಷೆ ನೋಡಿ. ಈ ಔಷಧಿ ಕೊಬ್ಬನ್ನು ನೇರವಾಗಿ ಕರಗಿಸುವುದೇ ಇಲ್ಲ. ಊಟವಾದ ಮೇಲೆ ಕರುಳಿನಿಂದ ಬರುವ ಹಾರ್ಮೋನನ್ನು ಅನುಕರಿಸಿ ಹಸಿವು ತಗ್ಗಿಸುತ್ತದೆ. ತಿನ್ನುವುದು ಕಮ್ಮಿಯಾಗುತ್ತದೆ, ತೂಕ ಇಳಿಯುತ್ತದೆ. ವಾಕರಿಕೆ, ವಾಂತಿ, ಭೇದಿ ಬಹಳ ಜನರಿಗೆ ಆಗುತ್ತದೆ. ಇಳಿದ ತೂಕದಲ್ಲಿ ಸ್ನಾಯುವಿನ ಪಾಲೂ ಇರುತ್ತದೆ. ಅದೇ ಪರೀಕ್ಷೆಯ ಕೆಲವರನ್ನು ಇಂಜೆಕ್ಷನ್ ನಿಲ್ಲಿಸಿ ಒಂದು ವರ್ಷದ ಮೇಲೆ ನೋಡಿದರೆ, ಇಳಿದಿದ್ದರಲ್ಲಿ ಮೂರನೇ ಎರಡು ಪಾಲು ವಾಪಸ್ ಬಂದಿತ್ತು.

ಕೊಬ್ಬಿನ ಕೋಶವನ್ನು ನಿಜಕ್ಕೂ ಒಡೆಯುವ ಇಂಜೆಕ್ಷನ್ ಬೇರೆಯೇ ಇದೆ. ಡಿಆಕ್ಸಿಕೋಲಿಕ್ ಆಸಿಡ್ ಅಂತ. ನಮ್ಮ ಪಿತ್ತರಸದಲ್ಲೂ ಇರುವ ವಸ್ತು. 2015ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟದ್ದು ಗದ್ದದ ಕೆಳಗೆ ಜೋತುಬಿದ್ದ ಕೊಬ್ಬಿಗೆ ಮಾತ್ರ. ಒಂದು ಸಲಕ್ಕೆ 50ರವರೆಗೂ ಪುಟ್ಟ ಪುಟ್ಟ ಚುಚ್ಚು, ಗರಿಷ್ಠ ಆರು ಸಲ. ಪರೀಕ್ಷೆಯಲ್ಲಿ ಮುಖ್ಯವಾಗಿ ನೋಡಿದ್ದು ಗದ್ದದ ಕೆಳಗಿನ ಕೊಬ್ಬು ಎಷ್ಟು ತಗ್ಗಿತು ಅಂತ. ತೂಕ ಇಳಿಸುವ ಔಷಧಿಯೇ ಅಲ್ಲ ಅದು. ಇದನ್ನು ಹೊಟ್ಟೆಗೆ, ತೊಡೆಗೆ ಹಾಕಿ ‘ಹತ್ತು ಕಿಲೋ ಇಳಿಸ್ತೀವಿ’ ಅನ್ನುವವರಿದ್ದರೆ, ನಾನಾದರೆ ಅಲ್ಲಿಂದಲೇ ಎದ್ದು ಬರುತ್ತೇನೆ.

ಹಾಗಾಗಿ ನಿಮ್ಮ ಗೆಳತಿಯನ್ನು ಎರಡು ವಿಷಯ ಕೇಳಿ. ಸೀಸೆಯ ಮೇಲಿದ್ದ ಔಷಧಿಯ ಹೆಸರೇನು? ಆ ಮೂರು ತಿಂಗಳು ರಾತ್ರಿ ಊಟಕ್ಕೆ ಏನು ತಿನ್ನುತ್ತಿದ್ದಳು?