ಅಡ್ಮಿರಲ್ ಕಾಣುವುದು ಮುಗಿದುಹೋದ ಯುದ್ಧವನ್ನು

ಬಾಹ್ಯಾಕಾಶ ಯುದ್ಧದ ಕಾದಂಬರಿಗಳಲ್ಲಿ ಒಂದು ದೃಶ್ಯ ತಪ್ಪದೆ ಬರುತ್ತದೆ. ಮುಖ್ಯ ನೌಕೆಯ ನಿಯಂತ್ರಣ ಕೋಣೆಯಲ್ಲಿ ಅಡ್ಮಿರಲ್ ನಿಂತಿದ್ದಾಳೆ. ಎದುರಿಗೆ ಗೋಡೆಯಗಲದ ಪರದೆ. ಅವಳ ನೌಕೆಗಳೆಲ್ಲ ಹಸಿರು ಚುಕ್ಕಿಗಳು, ವೈರಿಯವು ಕೆಂಪು. ‘ಎಡಗಡೆಯ ದಳ ಮುಂದೆ ಸಾಗಲಿ’ ಎನ್ನುತ್ತಾಳೆ. ಮರುಗಳಿಗೆಯಲ್ಲೇ ನೂರು ನೌಕೆಗಳು ಒಟ್ಟಾಗಿ ತಿರುಗುತ್ತವೆ. ಓದುವಾಗ ಮೈ ನವಿರೇಳುತ್ತದೆ. ಹದಿಹರೆಯದಿಂದಲೂ ಇಂಥ ಕಾದಂಬರಿಗಳನ್ನು ಹುಡುಕಿ ಹುಡುಕಿ ಓದಿದವನು ನಾನು. ಆ ಪ್ರೀತಿಯಿಂದಲೇ ಹೇಳುತ್ತೇನೆ: ಆ ಪರದೆಯ ಚಿತ್ರವನ್ನು ಭೌತವಿಜ್ಞಾನ ಒಪ್ಪುವುದಿಲ್ಲ. ಅದರ ಮೇಲಿನ ಒಂದೊಂದು ಚುಕ್ಕಿಯೂ ಒಂದೊಂದು ಹೊತ್ತಿನದು. ಹತ್ತಿರದ್ದು ಈಗತಾನೇ ಇದ್ದ ಜಾಗದಲ್ಲಿ ಕಾಣುತ್ತದೆ. ದೂರದ್ದು ಅರ್ಧ ಗಂಟೆಯ ಹಿಂದೆ ಇದ್ದ ಜಾಗದಲ್ಲಿ. ಅವಳು ಈಗಿನದೆಂದು ನಂಬಿ ನೋಡುತ್ತಿರುವ ಯುದ್ಧದ ಒಂದು ಭಾಗ ಆಗಲೇ ಮುಗಿದಿರಬಹುದು.

ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಚಂದ್ರನಿಂದ ನಮ್ಮಲ್ಲಿಗೆ ಬರಲು ಅದಕ್ಕೆ 1.3 ಸೆಕೆಂಡ್ ಸಾಕು, ಸೂರ್ಯನಿಂದ 8 ನಿಮಿಷ 20 ಸೆಕೆಂಡ್ ಬೇಕು. ಮಂಗಳ ಎಲ್ಲಿದೆ ಎನ್ನುವುದರ ಮೇಲೆ 3ರಿಂದ 22 ನಿಮಿಷ, ಗುರುವಿನಿಂದ 33ರಿಂದ 53 ನಿಮಿಷ, ನೆಪ್ಚೂನಿನಿಂದ ಸುಮಾರು 4 ಗಂಟೆ. ರೇಡಿಯೋ, ರೇಡಾರ್, ಲೇಸರ್ ಎಲ್ಲವೂ ಇದೇ ವೇಗಕ್ಕೆ ಕಟ್ಟುಬಿದ್ದಿವೆ. ಕಾದಂಬರಿಕಾರರು ಈ ತಡವನ್ನು ತಪ್ಪಿಸಲು ಏನಾದರೊಂದು ಮಾಯಾಯಂತ್ರವನ್ನು ಇಡುತ್ತಾರೆ. ಪುಣೆಯ ಹಿಂಜೆವಾಡಿಯಲ್ಲಿ ಕೆಲಸ ಮಾಡುವ ನನ್ನ ಅಕ್ಕನ ಮಗ ಇಂಥ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಓದುತ್ತಾನೆ, ನಮ್ಮ ಮನೆಗೆ ಬಂದು ಅವುಗಳ ಬಗ್ಗೆ ಕನ್ನಡದಲ್ಲಿ ವಾದಿಸುತ್ತಾನೆ. ‘ಕ್ವಾಂಟಮ್ ಹೆಣಿಕೆ ಇದೆಯಲ್ಲ ಮಾಮಾ, ಒಂದು ಕಣವನ್ನು ಇಲ್ಲಿ ಅಳೆದರೆ ಇನ್ನೊಂದರ ಸ್ಥಿತಿ ಅಲ್ಲಿ ಆ ಕ್ಷಣವೇ ಗೊತ್ತಾಗುತ್ತದೆ’ ಎನ್ನುವುದು ಅವನ ವಾದ. ಹೆಣೆದುಕೊಂಡ ಕಣಗಳ ಫಲಿತಾಂಶಗಳು ಪರಸ್ಪರ ಹೊಂದುತ್ತವೆ ಎನ್ನುವುದು ನಿಜವೇ. ಆದರೆ ಅಳೆದಾಗ ಏನು ಬರಬೇಕೆಂದು ಆರಿಸುವ ಅಧಿಕಾರ ಅಳೆಯುವವನಿಗಿಲ್ಲ. ಬರುವುದೆಲ್ಲ ಯಾದೃಚ್ಛಿಕ. ಎರಡೂ ಕಡೆಯ ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಮಾತ್ರ ಹೊಂದಾಣಿಕೆ ಕಾಣುತ್ತದೆ, ಆ ಪಟ್ಟಿಯನ್ನು ಕಳಿಸಲು ಮತ್ತೆ ರೇಡಿಯೋವೇ ಬೇಕು. ‘ದಾಳಿ ಮಾಡು’ ಎಂಬ ಎರಡೇ ಪದಗಳ ಆಜ್ಞೆಯನ್ನೂ ಆ ದಾರಿಯಲ್ಲಿ ಕಳಿಸಲಾಗದು.

ಈ ತಡ ಎಂಥದ್ದು ಎಂದು ತಿಳಿಯಲು ಕಾದಂಬರಿಯೇ ಬೇಕಾಗಿಲ್ಲ. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ ನಾರಾಯಣಗಾಂವ್ ಬಳಿ ಖೋಡದ್ ಎಂಬ ಹಳ್ಳಿ ಇದೆ. ಗೋವಿಂದ ಸ್ವರೂಪ್ ಅವರ ಮುಂದಾಳತ್ವದಲ್ಲಿ ಕಟ್ಟಿದ ದೈತ್ಯ ಮೀಟರ್‌ತರಂಗ ರೇಡಿಯೋ ದೂರದರ್ಶಕ ಇರುವುದು ಅಲ್ಲೇ. ಒಂದೊಂದೂ 45 ಮೀಟರ್ ಅಗಲದ 30 ತಟ್ಟೆಗಳು ಹೊಲಗದ್ದೆಗಳ ನಡುವೆ ಹರಡಿಕೊಂಡಿವೆ. ತಟ್ಟೆಯ ಮೈ ಗಟ್ಟಿ ತಗಡಲ್ಲ, ಉಕ್ಕಿನ ತಂತಿಯ ಬಲೆ. ಗಾಳಿ ಅದರೊಳಗೆ ನುಗ್ಗಿ ಹೋಗುತ್ತದೆ, ಮೀಟರ್ ಉದ್ದದ ಅಲೆಗಳು ಮಾತ್ರ ಸಿಕ್ಕಿಬೀಳುತ್ತವೆ. 2016ರ ಅಕ್ಟೋಬರ್ 19ರ ರಾತ್ರಿ ಈ ತಟ್ಟೆಗಳು ಮಂಗಳದತ್ತ ಮುಖ ಮಾಡಿದ್ದವು. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಸ್ಕಿಯಾಪರೆಲ್ಲಿ ಎಂಬ ಪುಟ್ಟ ನೌಕೆ ಅಂದು ಮಂಗಳದ ಮೇಲೆ ಇಳಿಯಬೇಕಿತ್ತು. ಅದರದು ಆ ಹೊತ್ತಿಗೇ ಮಂಗಳದ ಕಕ್ಷೆ ಸೇರುತ್ತಿದ್ದ ತಾಯಿನೌಕೆಗೆಂದು ಹೊರಡಿಸಿದ ಕ್ಷೀಣ ಸಂಕೇತ. ಭೂಮಿಯವರೆಗೆ ಕೇಳಿಸಲೆಂದು ಉದ್ದೇಶಿಸಿದ್ದಲ್ಲ. ಅದನ್ನೂ ಖೋಡದ್‌ನ ತಟ್ಟೆಗಳು ಹಿಡಿದವು.

ನೌಕೆ ಮಂಗಳದ ವಾಯುಮಂಡಲ ಹೊಕ್ಕು ನೆಲ ಮುಟ್ಟಲು ಆರು ನಿಮಿಷ ಸಾಕಿತ್ತು. ಆದರೆ ಅಂದು ಮಂಗಳದಿಂದ ಸಂಕೇತ ಇಲ್ಲಿಗೆ ಬರಲು ಸುಮಾರು ಹತ್ತು ನಿಮಿಷ ಬೇಕಿತ್ತು. ಎಂದರೆ, ‘ವಾಯುಮಂಡಲ ಹೊಕ್ಕಿದೆ’ ಎಂಬ ಸುಳಿವು ಖೋಡದ್‌ಗೆ ತಲುಪುವಷ್ಟರಲ್ಲಿ ಸ್ಕಿಯಾಪರೆಲ್ಲಿ ನೆಲಕ್ಕಪ್ಪಳಿಸಿ ನಾಲ್ಕು ನಿಮಿಷ ಕಳೆದಿತ್ತು. ಸಂಕೇತ ಬರುತ್ತಲೇ ಇತ್ತು, ಪ್ಯಾರಾಚೂಟ್ ಬಿಚ್ಚಿಕೊಂಡಿದ್ದೂ ಗೊತ್ತಾಯಿತು. ನೆಲ ಮುಟ್ಟುವ ಗಳಿಗೆಗೆ ಸ್ವಲ್ಪ ಮೊದಲು ದನಿ ನಿಂತಿತು. ಆಮೇಲೆ ತಿಳಿದ ಕಾರಣ ಇದು: ನೌಕೆಯ ತಿರುಗುವಿಕೆಯನ್ನು ಅಳೆಯುವ ಉಪಕರಣ ನಿರೀಕ್ಷೆಗಿಂತ ಹೆಚ್ಚು ಹೊತ್ತು, ಸುಮಾರು ಒಂದು ಸೆಕೆಂಡ್ ಕಾಲ, ತನ್ನ ಗರಿಷ್ಠ ಅಳತೆಯಲ್ಲೇ ಸಿಕ್ಕಿಕೊಂಡಿತು. ಆ ತಪ್ಪು ಅಂಕಿಯನ್ನು ನಂಬಿದ ಕಂಪ್ಯೂಟರ್ ತಾನು ನೆಲಕ್ಕಿಂತ ಕೆಳಗಿದ್ದೇನೆಂದು ಲೆಕ್ಕ ಹಾಕಿತು. ಇನ್ನೂ 3.7 ಕಿಲೋಮೀಟರ್ ಮೇಲಿರುವಾಗಲೇ ಪ್ಯಾರಾಚೂಟನ್ನು ಕಳಚಿತು, ಅರ್ಧ ನಿಮಿಷ ಉರಿಯಬೇಕಿದ್ದ ಎಂಜಿನ್‌ಗಳನ್ನು ಮೂರೇ ಸೆಕೆಂಡಿಗೆ ಆರಿಸಿತು. ನೌಕೆ ಗಂಟೆಗೆ 500 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲಕ್ಕೆ ಬಡಿಯಿತು. ಭೂಮಿಯ ಮೇಲೆ ಎಂಥ ಚಾಣಾಕ್ಷ ಸೇನಾನಿ ಕುಳಿತಿದ್ದರೂ ಏನೂ ಮಾಡುವಂತಿರಲಿಲ್ಲ.

ಪುಣೆಯಲ್ಲಿ ನೆಲೆಸಿದವರಿಗೆ ಇಂಥದೇ ಇನ್ನೊಂದು ಕಥೆ ಗೊತ್ತು. 1761ರ ಜನವರಿ 14ರಂದು ಪಾಣಿಪತದಲ್ಲಿ ಮರಾಠಾ ಸೈನ್ಯ ನುಚ್ಚುನೂರಾಯಿತು. ಪೇಶ್ವೆ ನಾನಾಸಾಹೇಬ ಆ ಹೊತ್ತಿಗೆ ಸೈನ್ಯ ಕಟ್ಟಿಕೊಂಡು ನೆರವಿಗೆಂದು ಉತ್ತರಕ್ಕೆ ನಡೆದಿದ್ದ. ಹತ್ತು ದಿನಗಳ ನಂತರ ಭಿಲ್ಸಾ (ಇಂದಿನ ಮಧ್ಯಪ್ರದೇಶದ ವಿದಿಶಾ) ಬಳಿ ಅವನ ಕೈಗೆ ಒಂದು ಒಕ್ಕಣೆ ಸಿಕ್ಕಿತು: ಎರಡು ಮುತ್ತು ಕರಗಿದವು, ಇಪ್ಪತ್ತೇಳು ಚಿನ್ನದ ಮೊಹರು ಕಳೆದವು, ಬೆಳ್ಳಿ ತಾಮ್ರಗಳಿಗೆ ಲೆಕ್ಕವಿಲ್ಲ. ಮುತ್ತುಗಳೆಂದರೆ ಸೈನ್ಯದ ಸೇನಾಪತಿ ಸದಾಶಿವರಾವ್ ಭಾವು ಮತ್ತು ನಾನಾಸಾಹೇಬನ ಮಗ ವಿಶ್ವಾಸರಾವ್. ಆ ಹತ್ತು ದಿನವೂ ಅವನು ಇಲ್ಲದ ಸೈನ್ಯವನ್ನು ಕಾಪಾಡಲು ನಡೆಯುತ್ತಿದ್ದ. ಅವನ ಮನಸ್ಸಿನ ನಕ್ಷೆಯಲ್ಲಿ ಆ ಚುಕ್ಕಿ ಇನ್ನೂ ಹಸಿರಾಗಿಯೇ ಇತ್ತು. ಅದೇ ವರ್ಷದ ಜೂನ್‌ನಲ್ಲಿ ಅವನು ಪರ್ವತಿ ಗುಡ್ಡದ ಮೇಲೆ ತೀರಿಕೊಂಡ. ತಂತಿ ಬಂತು, ದೂರವಾಣಿ ಬಂತು, ಉಪಗ್ರಹ ಬಂತು. ಇಂಥ ತಡವನ್ನು ನಾವು ಮರೆತೆವು. ಗ್ರಹಗಳ ನಡುವಿನ ಯುದ್ಧದಲ್ಲಿ ಅದು ಮರಳಿ ಬರುತ್ತದೆ, ಈ ಸಲ ಯಾವ ಕುದುರೆ ಬದಲಾಯಿಸಿದರೂ ಕಡಿಮೆಯಾಗದ ಹಾಗೆ.

ತಡ ಗುರಿ ಇಡುವುದನ್ನೂ ಕೆಡಿಸುತ್ತದೆ. ಈ ಲೆಕ್ಕವನ್ನು ಯಾರಾದರೂ ಕಾಗದದ ಮೇಲೆ ಮಾಡಿ ನೋಡಬಹುದು. ವೈರಿ ನೌಕೆ ಬೆಳಕಿಗೆ ಒಂದು ನಿಮಿಷದ ದೂರದಲ್ಲಿದೆ ಎನ್ನೋಣ. ನಮಗೆ ಕಾಣುವುದು ಒಂದು ನಿಮಿಷ ಹಿಂದಿನ ನೌಕೆ. ನಾವು ಬಿಟ್ಟ ಲೇಸರ್ ಅಲ್ಲಿಗೆ ಮುಟ್ಟಲು ಇನ್ನೊಂದು ನಿಮಿಷ. ಈ ಎರಡು ನಿಮಿಷಗಳಲ್ಲಿ ನೌಕೆ ಭೂಗುರುತ್ವದಷ್ಟೇ ವೇಗೋತ್ಕರ್ಷದಿಂದ ಯಾವ ದಿಕ್ಕಿಗಾದರೂ ಹೊರಳಿದರೆ, ನಾವು ಅಂದಾಜಿಸಿದ ಜಾಗದಿಂದ 70 ಕಿಲೋಮೀಟರ್ ದೂರ ಹೋಗಿರುತ್ತದೆ. ಬೆಳಕಿಗೆ ಹತ್ತು ನಿಮಿಷದ ದೂರದಲ್ಲಿದ್ದರೆ ಆ ಅಂಕಿ 7,000 ಕಿಲೋಮೀಟರ್ ದಾಟುತ್ತದೆ. ಭೂಮಿಯ ತ್ರಿಜ್ಯಕ್ಕಿಂತ ದೊಡ್ಡದು. ಇಡೀ ಭೂಮಿಯನ್ನೇ ನುಂಗಬಲ್ಲ ಗೋಳದೊಳಗೆ ಎಲ್ಲೋ ಒಂದು ನೌಕೆ ಇದೆ, ಅದಕ್ಕೆ ಗುರಿ ಇಡಬೇಕು. ಅದೇ ದೂರ ಬೆಳಕಿಗೆ ಒಂದು ಸೆಕೆಂಡಿನಷ್ಟಿದ್ದರೆ, ಎಂದರೆ ಭೂಮಿ ಚಂದ್ರರ ನಡುವಿನ ಅಂತರಕ್ಕಿಂತ ಸ್ವಲ್ಪ ಕಡಿಮೆಯಾಗಿದ್ದರೆ, ನೌಕೆ ತಪ್ಪಿಸಿಕೊಳ್ಳಬಹುದಾದದ್ದು ಬರೀ 20 ಮೀಟರ್. ನೂರು ಮೀಟರ್ ಉದ್ದದ ನೌಕೆಗೆ ಅಷ್ಟು ಸರಿದು ಪ್ರಯೋಜನವಿಲ್ಲ. ಆದರೆ ಲೇಸರ್ ಕಿರಣವೂ ದೂರ ಹೋದಂತೆ ಹರಡುತ್ತದೆ: ಹತ್ತು ಮೀಟರ್ ಅಗಲದ ಕನ್ನಡಿಯಿಂದ ಹೊರಟ ಒಂದು ಮೈಕ್ರಾನ್ ತರಂಗದ ಕಿರಣ 3 ಲಕ್ಷ ಕಿಲೋಮೀಟರ್ ಆಚೆ ಸುಮಾರು 70 ಮೀಟರ್ ಅಗಲದ ಮಚ್ಚೆಯಾಗಿರುತ್ತದೆ. ಹಾಗಾಗಿ ನಿಜವಾದ ಕಾದಾಟ ಒಂದೆರಡು ಲಕ್ಷ ಕಿಲೋಮೀಟರ್‌ಗಳ ಒಳಗೇ ನಡೆಯಬೇಕು. ಅದಕ್ಕೂ ಆಚೆ ಇರುವುದು ದಿನಗಟ್ಟಲೆ ಕಾಯುವುದು, ಊಹಿಸುವುದು, ಎದುರಾಳಿಯ ಮನಸ್ಸನ್ನು ಓದುವುದು. ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಸಾಮಗ್ರಿ ಇನ್ನೇನು ಬೇಕು?

ಮರೆಯಲ್ಲಿ ನಿಂತು ಮೇಲೆರಗುವ ದೃಶ್ಯಗಳನ್ನಂತೂ ಕೈಬಿಡಬೇಕಾಗುತ್ತದೆ. ಬಾಹ್ಯಾಕಾಶದ ಕತ್ತಲು ಯಾರನ್ನೂ ಮರೆಮಾಡುವುದಿಲ್ಲ. ಒಂದು ಸಾವಿರ ಟನ್ ತೂಕದ ನೌಕೆ ಭೂಗುರುತ್ವದಷ್ಟು ವೇಗೋತ್ಕರ್ಷದಲ್ಲಿ ಒಂದು ದಿನ ಸಾಗಿದರೆ ಸೆಕೆಂಡಿಗೆ ಸುಮಾರು 850 ಕಿಲೋಮೀಟರ್ ವೇಗ ಗಳಿಸುತ್ತದೆ. ಇಂದಿನ ರಾಸಾಯನಿಕ ರಾಕೆಟ್ ಹೊರಚೆಲ್ಲುವ ಅನಿಲದ ವೇಗ ಹೆಚ್ಚೆಂದರೆ ಸೆಕೆಂಡಿಗೆ 4.5 ಕಿಲೋಮೀಟರ್, ಅದರಿಂದ ಆಗದ ಮಾತು. ಸೂರ್ಯನೊಳಗೆ ನಡೆಯುವಂಥ ಬೀಜಸಮ್ಮಿಲನದ ಎಂಜಿನ್ ಇದೆ, ಅದು ಸೆಕೆಂಡಿಗೆ 10,000 ಕಿಲೋಮೀಟರ್ ವೇಗದಲ್ಲಿ ಕಣಗಳನ್ನು ಉಗುಳುತ್ತದೆ ಎಂದೇ ಇಟ್ಟುಕೊಳ್ಳೋಣ. ಆಗ ಆ ಒಂದೇ ನೌಕೆಗೆ ಬೇಕಾಗುವ ಶಕ್ತಿ ಸುಮಾರು 49 ಟೆರಾವ್ಯಾಟ್, ಇಡೀ ಮನುಕುಲ ಇಂದು ಬಳಸುವ ಶಕ್ತಿಯ ಎರಡು ಪಟ್ಟಿಗೂ ಹೆಚ್ಚು. ಅದರಲ್ಲಿ ನೂರಕ್ಕೆ ಒಂದು ಪಾಲು ಶಾಖವಾಗಿ ನೌಕೆಯೊಳಗೆ ಸೋರಿದರೂ ಸುಮಾರು 500 ಗಿಗಾವ್ಯಾಟ್. ನಿರ್ವಾತದಲ್ಲಿ ಶಾಖವನ್ನು ಹೊತ್ತೊಯ್ಯಲು ಗಾಳಿ ಇಲ್ಲ, ನೀರಿಲ್ಲ. ವಿಕಿರಣವಾಗಿ ಚೆಲ್ಲುವುದೊಂದೇ ದಾರಿ. 1,200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಂಪಗೆ ಕಾದ, ಎರಡೂ ಬದಿಯಿಂದ ಶಾಖ ಚೆಲ್ಲುವ ಫಲಕಗಳು ಬೇಕು, ಅವುಗಳ ಒಟ್ಟು ವಿಸ್ತೀರ್ಣ ಒಂದು ಚದರ ಕಿಲೋಮೀಟರಿನ ಹತ್ತಿರ. ಹಿನ್ನೆಲೆಯ ಆಕಾಶ ಸೊನ್ನೆಗಿಂತ 270 ಡಿಗ್ರಿ ಕೆಳಗಿನ ಚಳಿಯಲ್ಲಿರುವಾಗ ಇಂಥ ನೌಕೆ ಶಾಖದ ಕಿರಣಗಳನ್ನು ಹಿಡಿಯುವ ಅವಗೆಂಪು ದೂರದರ್ಶಕಕ್ಕೆ ಸೌರವ್ಯೂಹದ ಯಾವ ಮೂಲೆಯಿಂದಲೂ ಕಾಣುತ್ತದೆ.

ಎಲ್ಲರಿಗೂ ಎಲ್ಲರೂ ಕಾಣುತ್ತಾರೆ, ಆದರೆ ತಡವಾಗಿ. ವೈರಿ ಎಂಜಿನ್ ಹೊತ್ತಿಸಿದ್ದು ಅಡ್ಮಿರಲ್‌ಗೆ ಖಂಡಿತ ಗೊತ್ತಾಗುತ್ತದೆ, ನಲವತ್ತು ನಿಮಿಷದ ಮೇಲೆ. ಇದರ ಜೊತೆಗೆ ಗಡಿಯಾರದ ಪ್ರಶ್ನೆಯೂ ಇದೆ. ಬೆಳಕಿನ ಹತ್ತನೇ ಒಂದು ಪಾಲು ವೇಗದಲ್ಲಿ ಓಡುವ ನೌಕೆಯ ಗಡಿಯಾರ ದಿನಕ್ಕೆ ಸುಮಾರು ಏಳು ನಿಮಿಷ ಹಿಂದೆ ಬೀಳುತ್ತದೆ, ಆದ್ದರಿಂದ ‘ಎಲ್ಲರೂ ಬೆಳಿಗ್ಗೆ ಆರು ಗಂಟೆಗೆ ದಾಳಿ ಮಾಡಿ’ ಎನ್ನುವ ಮೊದಲು ಯಾರ ಆರು ಗಂಟೆ ಎಂದು ತೀರ್ಮಾನವಾಗಬೇಕು.

ಹಾಗಾದರೆ ಸೇನಾನಿಯ ಕೆಲಸವೇನು? ಉತ್ತರ ನಮ್ಮವರೇ ಮಾಡಿ ತೋರಿಸಿದ ಕೆಲಸದಲ್ಲಿದೆ. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳದ ಕಕ್ಷೆ ಸೇರಿತು. ಆ ದಿನ ಬೆಂಗಳೂರಿನಲ್ಲಿ ಯಾರೂ ಗುಂಡಿ ಒತ್ತಿ ಎಂಜಿನ್ ಹೊತ್ತಿಸಲಿಲ್ಲ. ಸಂಕೇತ ಒಂದು ಕಡೆಗೆ ಹೋಗಲು ಹನ್ನೆರಡೂವರೆ ನಿಮಿಷ ಬೇಕಿತ್ತು. ಎಂಜಿನ್ ಉರಿಯಬೇಕಿದ್ದುದು 24 ನಿಮಿಷ, ಅದರ ನಡುವೆ ನೌಕೆ ಮಂಗಳದ ಹಿಂದೆ ಮರೆಯಾಗಿ ಸಂಪರ್ಕವೇ ಕಡಿದುಹೋಗುತ್ತಿತ್ತು. ಆದ್ದರಿಂದ ಆಜ್ಞೆಗಳನ್ನು ಹತ್ತು ದಿನ ಮೊದಲೇ ನೌಕೆಯ ನೆನಪಿಗೆ ಏರಿಸಿದ್ದರು. ಯಾವ ಗಳಿಗೆಗೆ ತಿರುಗಬೇಕು, ಯಾವಾಗ ಹೊತ್ತಿಕೊಳ್ಳಬೇಕು, ಎಡವಟ್ಟಾದರೆ ತಾನೇ ಹೇಗೆ ಸಂಭಾಳಿಸಿಕೊಳ್ಳಬೇಕು ಎನ್ನುವುದೆಲ್ಲ ಮೊದಲೇ ಬರೆದಾಗಿತ್ತು. ಬೆಂಗಳೂರಿನ ನಿಯಂತ್ರಣ ಕೇಂದ್ರದವರು ಕಾದು ಕುಳಿತರು. ಸಂಕೇತ ಮರಳಿ ಬಂದಾಗಲೇ ಚಪ್ಪಾಳೆ.

ಹಳೆಯ ನೌಕಾಯುದ್ಧದ ಸೇನಾನಿಗಳಿಗೂ ಈ ಕಲೆ ಗೊತ್ತಿತ್ತು. 1805ರಲ್ಲಿ ಟ್ರಫಾಲ್ಗರ್ ಕಾಳಗಕ್ಕೆ ಹನ್ನೆರಡು ದಿನ ಮೊದಲು ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ತನ್ನ ಕ್ಯಾಪ್ಟನ್‌ಗಳಿಗೆ ಬರೆದ ಪತ್ರದಲ್ಲಿ ಯೋಜನೆಯನ್ನು ವಿವರಿಸಿ, ಬಾವುಟದ ಸಂಕೇತ ಕಾಣದೆ ಹೋದರೆ ತಮ್ಮ ಹಡಗನ್ನು ವೈರಿಯ ಹಡಗಿನ ಪಕ್ಕಕ್ಕೆ ತಂದು ನಿಲ್ಲಿಸಿದ ಯಾವ ಕ್ಯಾಪ್ಟನ್ನೂ ದೊಡ್ಡ ತಪ್ಪು ಮಾಡಿದಂತಾಗದು ಎಂದಿದ್ದ. ತೋಪುಗಳ ಹೊಗೆಯಲ್ಲಿ ಬಾವುಟ ಕಾಣದೆಂದು ಅವನು ಮೊದಲೇ ಬಲ್ಲ. ಪುಣೆಯ ಅಂಚಿನ ಖಡಕ್‌ವಾಸ್ಲಾದಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಇದೆ. ವಿಜಯಪುರದ ಸೈನಿಕ ಶಾಲೆಯಿಂದ, ಕೊಡಗಿನಿಂದ ಬಂದ ಹುಡುಗರು ಅಲ್ಲಿನ ಕೆರೆಯಲ್ಲಿ ಹಾಯಿದೋಣಿ ನಡೆಸುವುದನ್ನು ಕಲಿಯುತ್ತಾರೆ. ಗಾಳಿಯ ಮೇಲೆ ಅಧಿಕಾರವಿಲ್ಲದೆ ದೋಣಿಯನ್ನು ಗುರಿ ಮುಟ್ಟಿಸುವ ಆ ತರಬೇತಿ ನನ್ನ ಕಣ್ಣಿಗೆ ಬಾಹ್ಯಾಕಾಶದ ಅಡ್ಮಿರಲ್‌ಗೆ ಪರದೆಯ ಮುಂದಿನ ಆಟಗಳಿಗಿಂತ ಹೆಚ್ಚು ಉಪಯೋಗದ್ದು.

ಈ ತಡವನ್ನು ಅಳಿಸದೆ ಬರೆದ ಕಾದಂಬರಿ ಕನ್ನಡದಲ್ಲಿ ಬರಲಿ ಎನ್ನುವುದು ನನ್ನ ಆಸೆ. ಕಥೆ ಹೀಗಿರಬಹುದು: ಗುರುವಿನ ಉಪಗ್ರಹ ಗ್ಯಾನಿಮಿಡ್ ಬಳಿ ಎರಡು ಪಡೆಗಳು ಎದುರುಬದುರಾಗಿವೆ. ಸರ್ಕಾರಗಳಿರುವುದು ಮಂಗಳದಲ್ಲಿ, ಬೆಳಕಿಗೆ ನಲವತ್ತು ನಿಮಿಷದ ದೂರ. ಅಲ್ಲಿ ಕದನವಿರಾಮಕ್ಕೆ ಸಹಿ ಬೀಳುತ್ತದೆ, ಸುದ್ದಿ ಹೊರಡುತ್ತದೆ. ಸುದ್ದಿ ದಾರಿಯಲ್ಲಿರುವಾಗಲೇ ಅಡ್ಮಿರಲ್‌ಗೆ ವೈರಿ ನೌಕೆಯೊಂದರ ಎಂಜಿನ್ ಹೊತ್ತಿಕೊಂಡದ್ದು ಕಾಣುತ್ತದೆ. ಅದು ದಾಳಿಯೋ, ಹಿಂದೆ ಸರಿಯಲು ತಿರುಗುತ್ತಿರುವುದೋ ಗೊತ್ತಿಲ್ಲ. ಅವಳ ಕೈಯಲ್ಲಿರುವುದು ಆರು ವಾರ ಮೊದಲು ಬರೆದುಕೊಟ್ಟ ಲಿಖಿತ ಆಜ್ಞೆ ಮತ್ತು ಮುಂದಿನ ಸಾಲಿನ ನೌಕೆಗಳ ಕ್ಯಾಪ್ಟನ್‌ಗಳ ಬಗ್ಗೆ ಅವಳಿಗಿರುವ ತಿಳಿವಳಿಕೆ, ಅಷ್ಟೇ. ಅವಳು ತೋಪು ಹಾರಿಸುತ್ತಾಳೆ. ಕಾದಂಬರಿಯ ಉತ್ತರಾರ್ಧವೆಲ್ಲ ಸೇನಾ ನ್ಯಾಯಾಲಯದಲ್ಲಿ ನಡೆಯಲಿ: ಮಂಗಳದ ಗಡಿಯಾರದಲ್ಲಿ ಶಾಂತಿ ಬಂದಾಗಿತ್ತು, ಅವಳ ಗಡಿಯಾರದಲ್ಲಿ ಬಂದಿರಲಿಲ್ಲ. ಸತ್ತವರ ಲೆಕ್ಕವನ್ನು ಯಾವ ಗಡಿಯಾರದ ಪ್ರಕಾರ ಬರೆಯಬೇಕೆಂದು ಎರಡೂ ಕಡೆಯ ವಕೀಲರು ವಾದಿಸಲಿ.