ಮದ್ದು ಕೈಯಲ್ಲೇ ಇತ್ತು: ಪ್ರಯಾರಿಟಿ ಇನ್ವರ್ಷನ್‌ನ ಹಿನ್ನೆಲೆ

ರಿಯಲ್-ಟೈಮ್ ಶೆಡ್ಯೂಲಿಂಗ್‌ಗೆ, ಅಂದರೆ ಪ್ರತಿ ಟಾಸ್ಕ್ (ಕೆಲಸ) ತನ್ನ ಡೆಡ್‌ಲೈನಿನೊಳಗೆ ಮುಗಿಯುವಂತೆ ಸಿಪಿಯು ಸರದಿ ಹಂಚುವುದಕ್ಕೆ, ಲೆಕ್ಕದ ಬುನಾದಿ ಬಿದ್ದದ್ದು 1973ರಲ್ಲಿ. ಮೇಲಿಂದ ಮೇಲೆ ಓಡಬೇಕಾದ ಟಾಸ್ಕ್‌ಗೆ ಹೆಚ್ಚು ಪ್ರಯಾರಿಟಿ ಕೊಟ್ಟು, ಸಿಪಿಯು ಬಳಕೆಯನ್ನು ಸುಮಾರು 69%ರೊಳಗೆ ಇಟ್ಟರೆ ಯಾವ ಡೆಡ್‌ಲೈನೂ ತಪ್ಪದು ಎಂದು ಲಿಯು ಮತ್ತು ಲೇಲ್ಯಾಂಡ್ ತೋರಿಸಿಕೊಟ್ಟರು. ಷರತ್ತೊಂದಿತ್ತು: ಒಂದು ಟಾಸ್ಕ್ ಇನ್ನೊಂದಕ್ಕಾಗಿ ಕಾಯಬಾರದು. ಬಫರ್ (ದತ್ತಾಂಶದ ತಾತ್ಕಾಲಿಕ ಜಾಗ), ಬಸ್ (ದತ್ತಾಂಶ ಸಾಗುವ ದಾರಿ) ಇಂಥವನ್ನು ಹಂಚಿಕೊಳ್ಳುವ ನಿಜವಾದ ಯಂತ್ರದಲ್ಲಿ ಇದು ನಡೆಯುವ ಮಾತಲ್ಲ. ಅಂಥದ್ದನ್ನು ಒಂದು ಸಲಕ್ಕೆ ಒಂದೇ ಟಾಸ್ಕ್ ಮುಟ್ಟುವಂತೆ ಕಾಯುವ ಬೀಗವೇ ಲಾಕ್. ಲಾಕ್ ಹಿಡಿದ ಕೆಳ ಪ್ರಯಾರಿಟಿಯ ಟಾಸ್ಕನ್ನು ಮಧ್ಯಮದವು ಬದಿಗೊತ್ತಿದರೆ, ಅದೇ ಲಾಕಿಗೆ ಕಾದಿರುವ ಮೇಲಿನದೂ ನಿಂತುಬಿಡುತ್ತದೆ. 1980ರಲ್ಲಿ ಲ್ಯಾಂಪ್ಸನ್, ರೆಡೆಲ್ ಪ್ರಯಾರಿಟಿ ಇನ್ವರ್ಷನ್ ಎಂಬ ಈ ತೊಡಕನ್ನು ವಿವರಿಸಿದರು. 1990ರಲ್ಲಿ ಶಾ, ರಾಜ್‌ಕುಮಾರ್, ಲೆಹೋಝ್ಕಿ ಪರಿಹಾರದ ವಿಶ್ಲೇಷಣೆ ಕೊಟ್ಟರು: ಲಾಕ್ ಬಿಡುವವರೆಗೆ ಕೆಳಗಿನ ಟಾಸ್ಕ್ ಮೇಲಿನದರ ಪ್ರಯಾರಿಟಿಯಲ್ಲೇ ಓಡಲಿ. ಇದೇ ಪ್ರಯಾರಿಟಿ ಇನ್‌ಹೆರಿಟೆನ್ಸ್.

ಅಷ್ಟಾದರೂ 1997ರ ಜುಲೈ 4ರಂದು ಮಂಗಳನ ಮೇಲಿಳಿದ ನಾಸಾದ ಪಾಥ್‌ಫೈಂಡರ್ ನೌಕೆ ಕೆಲವೇ ದಿನಗಳಲ್ಲಿ ತಾನಾಗಿಯೇ ರೀಸೆಟ್ ಆಗತೊಡಗಿತು. ಅದರ ಆಪರೇಟಿಂಗ್ ಸಿಸ್ಟಮ್ ವಿಎಕ್ಸ್‌ವರ್ಕ್ಸ್‌ನಲ್ಲಿ 1553 ಎಂಬ ದತ್ತಾಂಶ ಬಸ್ಸಿನ ಕೆಲಸ ಸೆಕೆಂಡಿಗೆ 8 ಸುತ್ತು. ಒಂದು ಟಾಸ್ಕ್ ಮುಂದಿನ ಸುತ್ತಿನ ವ್ಯವಹಾರ ನಿಗದಿ ಮಾಡುತ್ತಿತ್ತು. ಇನ್ನೊಂದು ಬಂದ ದತ್ತಾಂಶ ಹಂಚುತ್ತಿತ್ತು. ಹವಾಮಾನ ಉಪಕರಣದ ಟಾಸ್ಕ್ ಪ್ರಯಾರಿಟಿಯಲ್ಲಿ ತೀರಾ ಕೆಳಗೆ. ಅದು ದತ್ತಾಂಶಕ್ಕಾಗಿ ಕಾಯುವ ಸೆಲೆಕ್ಟ್ ಕರೆಯೊಳಗಿನ ಮ್ಯೂಟೆಕ್ಸ್ (ಒಂದು ಬಗೆಯ ಲಾಕ್) ಹಿಡಿದಿದ್ದಾಗಲೇ ಮಧ್ಯಮ ಟಾಸ್ಕ್‌ಗಳು ಸಿಪಿಯು ಕಸಿದುಕೊಂಡವು. ಟಾಸ್ಕಿನಿಂದ ಟಾಸ್ಕಿಗೆ ದತ್ತಾಂಶ ದಾಟಿಸುವ ಪೈಪಿಗೆ ಬರೆಯಹೊರಟ ಹಂಚಿಕೆಯ ಟಾಸ್ಕ್ ಆ ಮ್ಯೂಟೆಕ್ಸಿಗಾಗಿ ನಿಂತಿತು. ಹಿಂದಿನ ಹಂಚಿಕೆ ಮುಗಿದಿಲ್ಲವೆಂದು ಕಂಡ ನಿಗದಿ ಟಾಸ್ಕ್ ದೋಷ ಘೋಷಿಸಿ ರೀಸೆಟ್ ಮಾಡಿಸಿತು. ಆ ದಿನದ ಉಳಿದ ಕೆಲಸವೆಲ್ಲ ಮರುದಿನಕ್ಕೆ.

ಉಡಾವಣೆಗೆ ಮುಂಚಿನ ಪರೀಕ್ಷೆಯಲ್ಲೂ ಇಂಥದೊಂದು ರೀಸೆಟ್ ಇಣುಕಿತ್ತು, ಮತ್ತೆ ಕೈಗೆ ಸಿಗಲಿಲ್ಲ. ಈಗ ನಾಸಾದ ಪ್ರಯೋಗಾಲಯ ಜೆಪಿಎಲ್‌ನ ತಂಡ ಭೂಮಿಯ ಮೇಲಿನ ಪ್ರತಿಕೃತಿಯಲ್ಲಿ ಟ್ರೇಸ್ (ಹೆಜ್ಜೆಹೆಜ್ಜೆಯ ದಾಖಲೆ) ಹಾಕಿ ಅದನ್ನು ಮರುಕಳಿಸಿ ನೋಡಿತು. ಇನ್‌ಹೆರಿಟೆನ್ಸ್ ಸೌಲಭ್ಯ ವಿಎಕ್ಸ್‌ವರ್ಕ್ಸ್‌ನಲ್ಲಿ ಇದ್ದೇ ಇತ್ತು; ಆ ಮ್ಯೂಟೆಕ್ಸಿಗೆ ಡೀಫಾಲ್ಟ್ ಆಗಿ ಆಫ್. ಸಣ್ಣದೊಂದು ಪ್ಯಾಚ್ ಕಳಿಸಿ ಆನ್ ಮಾಡಿದರು, ರೀಸೆಟ್ ನಿಂತವು.

ಆಫ್ ಇಡುವುದಕ್ಕೂ ಕಾರಣ ಉಂಟು. ಪ್ರಯಾರಿಟಿ ಏರಿಸಿ ಇಳಿಸುವುದು ಪುಕ್ಕಟೆಯಲ್ಲ, ಸೆಲೆಕ್ಟೋ ಪ್ರೋಗ್ರಾಂಗಳು ಮೇಲಿಂದ ಮೇಲೆ ಕರೆಯುವ ಫಂಕ್ಷನ್. ಆದರೆ ಉಳಿಸಿದ ಮೈಕ್ರೋಸೆಕೆಂಡು ಎಲ್ಲರ ಕಣ್ಣಿಗೆ ಬೀಳುತ್ತದೆ, ತಪ್ಪಬಹುದಾದ ಡೆಡ್‌ಲೈನ್ ಬೀಳುವುದಿಲ್ಲ. ಹೀಗಾಗಿ ಈ ಆಯ್ಕೆ ಇಂದಿಗೂ ಮರುಕಳಿಸುತ್ತಲೇ ಇದೆ. ಲಿನಕ್ಸ್‌ಗೆ 2006ರಲ್ಲಿ ಈ ಸೌಲಭ್ಯವುಳ್ಳ ಫ್ಯೂಟೆಕ್ಸ್ (ಲಾಕ್ ಕಟ್ಟಲು ಕರ್ನಲ್ ಕೊಡುವ ಸಾಧನ) ಬಂದರೂ ಪ್ರೋಗ್ರಾಂಗಳು ಬಳಸುವ ಸಾಮಾನ್ಯ ಪಿಥ್ರೆಡ್ ಮ್ಯೂಟೆಕ್ಸಿಗೆ ಅದನ್ನು ಕೇಳಿಯೇ ಪಡೆಯಬೇಕು. ಸಣ್ಣ ಸಾಧನಗಳ ಆಪರೇಟಿಂಗ್ ಸಿಸ್ಟಮ್ ಫ್ರೀಆರ್‌ಟಿಒಎಸ್‌ನಲ್ಲಿ ಮ್ಯೂಟೆಕ್ಸಿಗೆ ಇನ್‌ಹೆರಿಟೆನ್ಸ್ ಇದೆ, ಟಾಸ್ಕ್‌ಗಳ ನಡುವೆ ಸೂಚನೆ ಕೊಡುವ ಬೈನರಿ ಸೆಮಾಫೋರಿಗೆ ಇಲ್ಲ. ಲಾಕಿನ ಜಾಗದಲ್ಲಿ ಎರಡನೆಯದನ್ನು ಬಳಸಿದ ಕೋಡ್ ಈಗಲೂ ಸಿಗುತ್ತದೆ. ಇನ್‌ಹೆರಿಟೆನ್ಸ್ ಆನ್ ಇದ್ದರೂ ಎರಡು ಲಾಕ್‌ಗಳನ್ನು ತಿರುವುಮುರುವು ಕ್ರಮದಲ್ಲಿ ಹಿಡಿದರೆ ಡೆಡ್‌ಲಾಕ್ (ಒಂದಕ್ಕೊಂದು ಕಾಯುತ್ತ ಎರಡೂ ನಿಲ್ಲುವುದು) ತಪ್ಪಿದ್ದಲ್ಲ. ಅದಕ್ಕೆ ಬೇಕಾದದ್ದು ಪ್ರತಿ ಲಾಕಿಗೂ ಅದನ್ನು ಬಳಸುವ ಟಾಸ್ಕ್‌ಗಳ ಅತಿ ಹೆಚ್ಚಿನ ಪ್ರಯಾರಿಟಿಯನ್ನು ಮೊದಲೇ ಗೊತ್ತುಮಾಡುವ ಸೀಲಿಂಗ್ ಪ್ರೋಟೋಕಾಲ್, ಮತ್ತು ಯಾವ ಲಾಕನ್ನು ಯಾವ ಟಾಸ್ಕ್ ಮುಟ್ಟುತ್ತದೆ ಎಂಬ ಪಟ್ಟಿ ಕೋಡ್ ಬರೆಯುವ ಮೊದಲೇ.