ನಿದ್ದೆಯೂ ಪ್ರಾಕ್ಟೀಸೇ

ಬೆಳಿಗ್ಗೆ ಗ್ರೌಂಡು, ಹಗಲು ಕ್ಲಾಸು, ಸಂಜೆ ಮತ್ತೆ ಗ್ರೌಂಡು, ರಾತ್ರಿ ಹೋಂವರ್ಕ್. ಆಟ, ಓದು ಎರಡನ್ನೂ ಹಚ್ಚಿಕೊಂಡ ಮಕ್ಕಳಿಗೆ ಹೊತ್ತು ಸಾಲುವುದಿಲ್ಲ. ಮೊದಲು ಕತ್ತರಿ ಬೀಳುವುದು ನಿದ್ದೆಗೆ. ‘ನಿದ್ದೆಗೆಟ್ಟು ಓದ್ತಾನೆ’ ಅಂತ ಹೊಗಳುವವರೂ ಇದ್ದಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಹುಡುಗ ಕಳೆದುಕೊಳ್ಳುತ್ತಿರುವುದು ಬರೀ ವಿಶ್ರಾಂತಿಯನ್ನಲ್ಲ, ಹಗಲು ಕಲಿತದ್ದರಲ್ಲೇ ಒಂದು ಪಾಲನ್ನು.

1924ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಎಂಬುವರು ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಂಪುಗಳನ್ನು ಬಾಯಿಪಾಠ ಮಾಡಿಸಿದರು. ಎಚ್ಚರವಾಗಿದ್ದಾಗಿನದಕ್ಕಿಂತ ಮಲಗಿ ಎದ್ದಾಗ ಅವರಿಗೆ ಜಾಸ್ತಿ ನೆನಪಿತ್ತು. ನಿದ್ದೆಯಲ್ಲಿ ಹೊಸದೇನೂ ತಲೆಗೆ ಬೀಳುವುದಿಲ್ಲ, ಹಾಗಾಗಿ ಹಳೆಯದು ಅಳಿಸುವುದಿಲ್ಲ ಎಂದು ಆಗ ಅಂದುಕೊಂಡರು. ವಿಷಯ ಅಷ್ಟಕ್ಕೇ ನಿಲ್ಲಲಿಲ್ಲ. ಓಡಾಡುವಾಗ ಇಲಿಯ ಮಿದುಳಲ್ಲಿ ಒಟ್ಟಿಗೆ ಮಿಡಿದ ಕೋಶಗಳೇ ಅದು ಮಲಗಿದಾಗಲೂ ಮತ್ತೆ ಒಟ್ಟಿಗೆ ಮಿಡಿಯುವುದನ್ನು 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಎಂಬ ವಿಜ್ಞಾನಿಗಳು ಕಂಡರು. ಮಲಗಿದ ಇಲಿ ಒಳಗೊಳಗೇ ಮತ್ತೆ ಓಡುತ್ತಿತ್ತು!

ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಒಂದು ಸ್ಲೇಟು ಇದ್ದಂತೆ. ಬೇಗ ಬರೆಯಬಹುದು, ಬೇಗ ಅಳಿಸಿಯೂ ಹೋಗುತ್ತದೆ. ಗಾಢ ನಿದ್ದೆಯಲ್ಲಿ ಅಲ್ಲಿರುವುದು ಮಿದುಳಿನ ಹೊರಪದರವೆಂಬ ನೋಟ್‌ಬುಕ್ಕಿಗೆ ನಿಧಾನವಾಗಿ ಇಳಿಯುತ್ತದೆ. ಇನ್ನೊಂದು ರೀತಿ ಹೇಳುತ್ತೇನೆ. ಕಾಂಕ್ರೀಟ್ ಹಾಕಿದ ಮೇಲೆ ಕ್ಯೂರಿಂಗ್‌ಗೆ ಬಿಡಬೇಕು, ಅಲ್ವಾ? ಗಟ್ಟಿಯಾಗಲಿಲ್ಲವೆಂದು ಮೇಲೆ ಮೇಲೆ ಸುರಿದರೆ ಏನು ಬಂತು? ರಾತ್ರಿ 1 ಗಂಟೆಗೆ ಓದುವ ಮೂರನೇ ಪಾಠವೂ ಹಾಗೆಯೇ.

ಕೈಕಾಲಿನ ಕಲಿಕೆಗೂ ಇದೇ ದಾರಿ. ಬೆರಳುಗಳಿಂದ ಒಂದು ಕ್ರಮದಲ್ಲಿ ಕೀಲಿ ಒತ್ತುವುದನ್ನು ಕಲಿತವರು ಒಂದು ರಾತ್ರಿ ಮಲಗಿ ಎದ್ದರೆ, ಮತ್ತೆ ಅಭ್ಯಾಸ ಮಾಡದೆಯೇ ಸುಮಾರು 20% ಚುರುಕಾಗಿದ್ದರು. ಇದು 2002ರ ಪ್ರಯೋಗ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಆಟಗಾರರು 5ರಿಂದ 7 ವಾರ ದಿನಕ್ಕೆ 10 ಗಂಟೆ ಹಾಸಿಗೆಯಲ್ಲಿರಲು ಪ್ರಯತ್ನಿಸಿದರು. ಅವರ ಫ್ರೀ ಥ್ರೋ (ಯಾರೂ ಅಡ್ಡ ಬರದೆ ಗೆರೆಯ ಹಿಂದೆ ನಿಂತು ಬುಟ್ಟಿಗೆ ಎಸೆಯುವುದು) ಗುರಿ 9% ಸುಧಾರಿಸಿತು. ಆಟಗಾರರು ಬರೀ 11 ಜನ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ಆದರೂ ಇದು ಸುಮ್ನೆ ತಳ್ಳಿಹಾಕುವ ಮಾತಲ್ಲ. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಬರುವುದೂ ಗಾಢ ನಿದ್ದೆಯಲ್ಲೇ.

13ರಿಂದ 18 ವಯಸ್ಸಿನವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಬೆಳಿಗ್ಗೆ 5ಕ್ಕೆ ಏಳುವ ಹುಡುಗಿ ರಾತ್ರಿ 9ಕ್ಕೇ ನಿದ್ದೆಹೋಗಬೇಕು. ಆದರೆ ಈ ವಯಸ್ಸಿನಲ್ಲಿ ಮೈಯೊಳಗಿನ ಗಡಿಯಾರವೇ ಹಿಂದೆ ಬೀಳುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ತಡವಾಗಿ ಏರುತ್ತದೆ. ದೀಪ ಆರಿಸಿದರೂ ಕಣ್ಣು ಮುಚ್ಚುವುದಿಲ್ಲ. ಅದು ಸೋಮಾರಿತನವಲ್ಲ, ಹಟವೂ ಅಲ್ಲ. ಹಾಗಾಗಿ ಬೆಳಗಿನ ಪ್ರಾಕ್ಟೀಸನ್ನು ಒಂದು ಗಂಟೆ ತಡವಾಗಿ ಶುರುಮಾಡಲು ಆಗುತ್ತದಾ ಎಂದು ಕೋಚ್ ಹತ್ತಿರ ಒಮ್ಮೆ ಕೇಳಿ ನೋಡಿ.